ಜೋಡಿ ಗುಂಡು ಕೇಳುವಷ್ಟು ದೂರ

ನಮ್ಮ ಊರಿಗೆ ಹೆಸರಿನ ಬೋರ್ಡು ನೆಡಬೇಕೆಂದು ರಸ್ತೆ ಕಂಟ್ರಾಕ್ಟರ ಕಡೆಯವನೊಬ್ಬ ಬಂದಿದ್ದ. ಕಬ್ಬಿಣದ ಕಂಬ, ಸಿಮೆಂಟು, ಹಸಿರು ತಗಡು ಎಲ್ಲ ಪಿಕಪ್ ಗಾಡಿಯಲ್ಲಿ ತಯಾರಾಗಿತ್ತು. ಅಕ್ಷರ ಬರೆಯುವುದೊಂದು ಬಾಕಿ.

"ಊರಿನ ಹೆಸರು ಹೇಳಿ ಮೇಡಂ," ಅಂದ.

ನಾನು ಬಾಯಿ ತೆರೆದವಳು ಹಾಗೇ ಮುಚ್ಚಿದೆ. ಮದುವೆಯಾಗಿ ಇಲ್ಲಿಗೆ ಬಂದು ನನ್ನ ತಲೆ ನೆರೆತಿದೆ, ಮೊಮ್ಮಗಳು ಶಾಲೆಗೆ ಹೋಗುತ್ತಾಳೆ, ಆದರೂ ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿಲ್ಲ. ಮಾವನವರು ಇದನ್ನು ಗದ್ದೆಮನೆ ಅನ್ನುತ್ತಾರೆ. ಎಸ್ಟೇಟಿನವರಿಗೆ ಇದು ಕೆಳಗಿನ ಲೈನು. ಪೋಸ್ಟ್‌ಮ್ಯಾನ್ ಮೋರಿ ಹತ್ತಿರ ಅನ್ನುತ್ತಾನೆ. ಮಡಿಕೇರಿ ಬಸ್ಸಿನ ಕಂಡಕ್ಟರ್ "ಪಾಟಿ ಅಂಗಡಿ, ಪಾಟಿ ಅಂಗಡಿ, ಬೇಗ ಇಳೀರಿ" ಎಂದು ಕೂಗುತ್ತಾನೆ. ಸರ್ಕಾರದ ಪುಸ್ತಕದಲ್ಲಿ ಇದ್ಯಾವ ಹೆಸರೂ ಇಲ್ಲ. ಮೋರಿಯಿಂದ ಆಚೆಗೆ ಒಂದು ಪಂಚಾಯಿತಿ, ಈಚೆಗೆ ಇನ್ನೊಂದು. ಬೀದಿದೀಪ ಕೆಟ್ಟರೆ ಅವರು ಇವರದು ಅನ್ನುತ್ತಾರೆ, ಇವರು ಅವರದು ಅನ್ನುತ್ತಾರೆ. ನಾವು ಟಾರ್ಚು ಹಿಡಿದು ಓಡಾಡುತ್ತೇವೆ.

ಬೋರ್ಡಿನವನಿಗೆ ತಾಳ್ಮೆ ಇತ್ತು ಪಾಪ. "ಹೋಗ್ಲಿ ಮೇಡಂ, ಎಲ್ಲಿಂದ ಎಲ್ಲಿವರೆಗೆ ನಿಮ್ಮೂರು? ಅದಾದ್ರೂ ಹೇಳಿ, ಕಂಬ ನೆಡ್ತೀನಿ," ಅಂದ.

ಜಗಲಿಯ ಬೆಂಚಿನ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದ ಮಾವನವರು ತಲೆ ಎತ್ತದೆ ಹೇಳಿದರು: "ನಮ್ಮ ಕೋವಿ ಶಬ್ದ ಎಲ್ಲಿವರೆಗೆ ಕೇಳ್ತದೋ ಅಲ್ಲಿವರೆಗೆ."

ಅವನು ನಕ್ಕ. ಮುದುಕರು ತಮಾಷೆ ಮಾಡಿದರು ಅಂದುಕೊಂಡ. ನಾನು ನಗಲಿಲ್ಲ. ಆ ಮಾತಿನ ಅರ್ಥ ತಿಳಿಯಲು ನನಗೂ ವರ್ಷಗಟ್ಟಲೆ ಹಿಡಿದಿತ್ತು. ಅವನು ಕಾಫಿ ಕುಡಿದು, ಖಾಲಿ ತಗಡಿನ ಜೊತೆಗೇ ವಾಪಸು ಹೋದ.

ನನ್ನ ತವರು ಶಿರಂಗಾಲದ ಕಡೆ. ಬಯಲು, ಹೊಗೆಸೊಪ್ಪು, ರಾಗಿ. ನಮ್ಮ ಊರಿನಲ್ಲಿ ಕೋವಿ ಅನ್ನುವುದು ಇದ್ದರೆ ಪೊಲೀಸರ ಹೆಗಲ ಮೇಲೆ. ಯಾರಾದರೂ ಸತ್ತರೆ ತಮಟೆ ಬಡಿಯುತ್ತಿದ್ದರು. ಹಾಗಾಗಿ ಇಲ್ಲಿಗೆ ಸೊಸೆಯಾಗಿ ಬಂದ ಹೊಸದರಲ್ಲಿ, ಒಂದು ಬೆಳಿಗ್ಗೆ ಅಕ್ಕಿ ರುಬ್ಬುತ್ತಿದ್ದಾಗ ಗದ್ದೆಯಾಚೆಯಿಂದ ಢಂ, ಅದರ ಬೆನ್ನಿಗೇ ಇನ್ನೊಂದು ಢಂ ಎಂದು ಕೇಳಿದಾಗ ನಾನು ರುಬ್ಬುಗುಂಡು ಬಿಟ್ಟು ಅಡುಗೆಮನೆಯ ಮೂಲೆಗೆ ಓಡಿದೆ. ದರೋಡೆ ಅಂದುಕೊಂಡಿದ್ದೆ! ಅತ್ತೆ ಆಗಿನ್ನೂ ಇದ್ದರು. ಒಲೆಯ ಕೊಳ್ಳಿಗಳನ್ನು ಹೊರಗೆಳೆದು, ಕೈ ತೊಳೆದು, ಪೆಟ್ಟಿಗೆಯಿಂದ ಬಿಳಿ ಸೀರೆ ತೆಗೆದು ಉಟ್ಟು, "ಏಳು ಕೂಸೆ, ಆಚೆಮನೆ ಅಜ್ಜ ಹೋದ್ರು," ಅಂದರು. ಅನ್ನ ಅರ್ಧ ಬೆಂದಿತ್ತು. ಹಾಗೇ ಬಿಟ್ಟು ಹೊರಟೆವು. ಗದ್ದೆ ಬದುವಿನ ಮೇಲೆ ನೋಡಿದರೆ ನಾಲ್ಕೂ ದಿಕ್ಕಿನಿಂದ ಜನ ಬರುತ್ತಿದ್ದರು. ಒಬ್ಬನ ಹೆಗಲಿಗೆ ಕೊಡಲಿ, ಸೌದೆ ಕಡಿಯಲು. ಇನ್ನೊಬ್ಬಳ ತಲೆಯ ಮೇಲೆ ಅಕ್ಕಿ. ಯಾರೂ ಯಾರನ್ನೂ ಕರೆದಿರಲಿಲ್ಲ.

ಅದು ಜೋಡಿ ಗುಂಡು. ಗಂಡು ಹುಟ್ಟಿದರೆ ಒಂದು, ಸಾವಾದರೆ ಎರಡು. ಹೆಣ್ಣು ಹುಟ್ಟಿದರೆ? ನನ್ನ ಮಗಳು ಹುಟ್ಟಿದಾಗ ಕೇಳಿದ್ದೆ. ಕಂಚಿನ ತಟ್ಟೆ ಬಡೀತಾರೆ ಅಂದರು. ನನಗೆ ಬಂದ ಸಿಟ್ಟಿಗೆ ಆ ತಟ್ಟೆಯನ್ನು ಯಾರ ತಲೆಯ ಮೇಲೆ ಬಡಿಯಬೇಕೆಂದು ಹುಡುಕುತ್ತಿದ್ದೆ. ಅದಿರಲಿ.

ಸಾವಿನ ಮನೆಯ ಬಾಗಿಲಿನಲ್ಲಿ ನಿಂತು, ನಳಿಗೆ ಆಕಾಶಕ್ಕೆ ಎತ್ತಿ, ಒಂದರ ಬೆನ್ನಿಗೆ ಒಂದು ಎರಡು ಗುಂಡು ಹೊಡೆಯಬೇಕು. ಕೇಳಿದವರೆಲ್ಲ ಮಾಡುತ್ತಿರುವ ಕೆಲಸ ಅಲ್ಲೇ ಬಿಟ್ಟು ಬರಬೇಕು. ಜಗಳವಾಡಿ ಮಾತು ಬಿಟ್ಟವರೂ ಬರಬೇಕು. ಬೇರೆ ಊರಿನಲ್ಲಿ ಗಡಿಕಲ್ಲು ಇರುತ್ತದೆ, ನಕ್ಷೆ ಇರುತ್ತದೆ. ನಮ್ಮದು ಹೀಗೆ. ಗುಂಡು ಕೇಳಿ ಬಂದವರು ನಮ್ಮ ಊರಿನವರು.

ಹೇಳಿದಷ್ಟು ಸಲೀಸಾಗಿ ಅದು ಇರಲಿಲ್ಲ. ಯಾಕೆಂದರೆ ಕೋವಿ ಇದ್ದದ್ದು ನಮ್ಮಂಥ ಹಳೆಯ ಮನೆಗಳಲ್ಲಿ. ಗದ್ದೆಯಾಚೆಯ ಎರಡು ಗೌಡರ ಮನೆ, ದಿಣ್ಣೆಯ ಮೇಲಿನ ಕೊಡವರ ಮನೆ, ನಮ್ಮದು. ಎಸ್ಟೇಟಿನ ಲೈನುಗಳಲ್ಲಿ, ಅಂದರೆ ಸಾಲಾಗಿ ಕಟ್ಟಿದ ಒಂದೊಂದೇ ಕೋಣೆಯ ಮನೆಗಳಲ್ಲಿ, ನಮಗಿಂತ ಹೆಚ್ಚು ಜನ ಇದ್ದರು. ಅವರ ಅಪ್ಪ, ಅಜ್ಜ ಇಲ್ಲಿಯೇ ಕಾಫಿ ಕೊಯ್ದು ಇಲ್ಲಿಯೇ ಮಣ್ಣಾಗಿದ್ದರು. ಅವರ ಸಾವಿಗೆ ಗುಂಡಿಲ್ಲ. ಪಕ್ಕದ ಕೋಣೆಯವರು ಬರುತ್ತಿದ್ದರು, ಹಳ್ಳದ ದಡದಲ್ಲಿ ಹೂಳಿ ಬರುತ್ತಿದ್ದರು. ಮರುದಿನ ಮತ್ತೆ ಪಿಕಿಂಗ್, ಕಾಫಿ ಕೊಯ್ಲು.

ಪಾಟಿ ಆ ಲೈನಿನವಳು. ತಮಿಳಿನಲ್ಲಿ ಪಾಟಿ ಅಂದರೆ ಅಜ್ಜಿ. ಅವಳಿಗೆ ಮಕ್ಕಳಿರಲಿಲ್ಲ, ಊರಿನವರಿಗೆಲ್ಲ ಅಜ್ಜಿಯಾದಳು. ತಾಯಿಯ ಸೊಂಟದ ಮೇಲೆ ಕೂತು ಘಟ್ಟ ಹತ್ತಿ ಬಂದವಳಂತೆ, ಹುಟ್ಟಿದ ಊರು ಯಾವುದೆಂದು ಅವಳಿಗೇ ನೆನಪಿಲ್ಲ. ಎಸ್ಟೇಟ್ ಕೆಲಸದಿಂದ ವಯಸ್ಸಾಗಿ ಬಿಡಿಸಿದಾಗ ಲೈನಿನ ಕೋಣೆಯನ್ನೂ ಬಿಡಬೇಕಾಯಿತು. ಗಂಡ ಆಗಲೇ ಹೋಗಿದ್ದ. ಮೋರಿಯ ಪಕ್ಕ, ಯಾವ ಪಂಚಾಯಿತಿಗೂ ಬೇಡವಾದ ಒಂದು ತುಂಡು ಜಾಗದಲ್ಲಿ ಟೀ ಅಂಗಡಿ ಹಾಕಿದಳು. ಅದರ ಕಂಬಗಳು ನಮ್ಮ ತೋಟದ ಸಿಲ್ವರ್ ಓಕ್ ಮರದವು. ಮಾವನವರು ಕಡಿಸಿ ಸಾಗಿಸಿದ್ದರು, ಆದರೆ ಕೇಳಿದರೆ "ಬಿದ್ದ ಮರ, ಎತ್ತಿಕೊಂಡು ಹೋದ್ಲು," ಅನ್ನುತ್ತಿದ್ದರು.

ಈ ಇಬ್ಬರ ಜಗಳ ನಮ್ಮ ಊರಿನ ರೇಡಿಯೋ. ಮಾವನವರಿಗೆ ಸಕ್ಕರೆ ಕಾಯಿಲೆ. ಮನೆಯಲ್ಲಿ ನಾನು ಸಕ್ಕರೆ ಕೊಡುವುದಿಲ್ಲವೆಂದು ಕೋಲೂರಿಕೊಂಡು ಅಂಗಡಿಗೆ ಹೋಗುತ್ತಿದ್ದರು. ಪಾಟಿ ಅಲ್ಲಿಯೂ ಕೊಡುತ್ತಿರಲಿಲ್ಲ.

"ದುಡ್ಡು ಕೊಡೋದು ನಾನು, ಸಕ್ಕರೆ ಹಾಕು," ಇವರು.

"ಕಾಲು ಕೊಳೆತ್ರೆ ಹೊರೋದು ನಿಮ್ಮ ಸೊಸೆ. ಸುಮ್ನೆ ಕುಡೀರಿ ಗೌಡ್ರೇ," ಅವಳು.

ಮುಖ ಗಂಟು ಹಾಕಿಕೊಂಡು ಕುಡಿದು ಬರುತ್ತಿದ್ದರು. ಸಂಜೆ ಮತ್ತೆ ಹೋಗುತ್ತಿದ್ದರು.

ಪಾಟಿಗೆ ಒಂದು ನಿಯಮ ಇತ್ತು. ಯಾರ ಮನೆಯಲ್ಲಿ ಜೋಡಿ ಗುಂಡು ಕೇಳಲಿ, ಅಂಗಡಿಯ ಹಲಗೆ ಹಾಕಿ, ದೊಡ್ಡ ಪಾತ್ರೆ ತಲೆಯ ಮೇಲಿಟ್ಟುಕೊಂಡು ಎಲ್ಲರಿಗಿಂತ ಮೊದಲು ಹೋಗುವುದು. ಸಾವಿನ ಮನೆಯ ಹಿತ್ತಿಲಲ್ಲಿ ಮೂರು ಕಲ್ಲಿಟ್ಟು ಬಂದವರಿಗೆಲ್ಲ ಕರಿ ಟೀ ಕಾಯಿಸುವುದು. ಲೈನಿನ ಜನರಲ್ಲಿ ಹಾಗೆ ಬರುತ್ತಿದ್ದವಳು ಅವಳೊಬ್ಬಳೇ. ನಮ್ಮ ಅತ್ತೆ ಹೋದಾಗಲೂ, ನಾನು ಅಳುತ್ತಾ ಕೂತಿದ್ದಾಗ, ಕೈಗೆ ಲೋಟ ಹಿಡಿಸಿ "ಕುಡಿ ಅಮ್ಮಾ, ಅಳೋಕೂ ಶಕ್ತಿ ಬೇಕು," ಅಂದವಳು ಅವಳೇ.

ಒಂದು ಮಧ್ಯಾಹ್ನ, ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಬಸ್ಸಿಗೆ ಕಾಯುತ್ತಿದ್ದೆ. ಪಾಟಿ ಬಾಳೆಕಾಯಿ ಹೆಚ್ಚುತ್ತಾ ಹೆಚ್ಚುತ್ತಾ ಇದ್ದಕ್ಕಿದ್ದಂತೆ ಹೇಳಿದಳು: "ಅಮ್ಮಾ, ನನ್ನ ಯಜಮಾನ ಸತ್ತಾಗ ನೀವು ಎಲ್ಲಿದ್ರಿ?"

ನಾನು ಇಲ್ಲಿಯೇ ಇದ್ದೆ. ಆಟಿ ತಿಂಗಳ, ಅಂದರೆ ಆಷಾಢದ ಮಳೆ. ಗೊತ್ತಾದದ್ದು ಹೂಳಿ ಎರಡು ದಿನ ಆದ ಮೇಲೆ. ಹಾಗೆಂದು ಹೇಳಿದೆ.

"ಅದೇ. ಯಾರಿಗೂ ಗೊತ್ತಾಗ್ಲಿಲ್ಲ. ಮಳೇಲಿ ಹೊರೋಕೆ ನಾಲ್ಕನೇ ಆಳು ಸಿಗ್ಲಿಲ್ಲ ಅಮ್ಮಾ. ನಾನೇ ಒಂದು ಕಡೆ ಹೆಗಲು ಕೊಟ್ಟೆ." ಕತ್ತಿ ನಿಲ್ಲಲಿಲ್ಲ, ಹೆಚ್ಚುತ್ತಲೇ ಇದ್ದಳು. "ನಿಮ್ಮ ಎಲ್ಲರ ಮನೆ ಸಾವಿಗೂ ಬಂದೆ. ನಾನು ಹೋದ ದಿನ ಗೌಡ್ರ ಕೋವಿ ಬಾಯಿ ಬಿಡ್ತದಾ? ಕೇಳಿ ನೋಡಿ ಒಂದು ಸಲ. ಬೇರೆ ಏನೂ ಬೇಡ ನಂಗೆ."

ಬಸ್ಸು ಬಂತು. ನಾನು ಹತ್ತಲಿಲ್ಲ. ಮಡಿಕೇರಿಯ ಕೆಲಸ ಹಾಳಾಗಿ ಹೋಗಲಿ ಎಂದು ಸೀದಾ ಮನೆಗೆ ಬಂದು ಮಾವನವರ ಎದುರು ನಿಂತೆ. ನನಗೆ ತಿರುಗಿಸಿ ಬಳಸಿ ಮಾತಾಡಲು ಬರುವುದಿಲ್ಲ. ಕೇಳಿಬಿಟ್ಟೆ.

ಅವರು ತಲೆ ಅಲ್ಲಾಡಿಸಿದರು. "ಪದ್ಧತಿ ಇಲ್ಲೆ," ಅಂದರು.

"ಪದ್ಧತಿ ಯಾರು ಮಾಡಿದ್ದು ಮಾವ? ದೇವ್ರು ಬಂದು ಮಾಡಿದ್ನಾ?"

"ಗೂಡೇ, ಸ್ವಲ್ಪ ಕೇಳು." ಗೂಡೆ ಅಂದರೆ ಇಲ್ಲಿನ ಗೌಡರ ಅರೆಭಾಷೆಯಲ್ಲಿ ಹುಡುಗಿ. ನನಗೆ ಹಲ್ಲು ಅಲುಗಾಡುವ ವಯಸ್ಸಾದರೂ ಅವರಿಗೆ ನಾನು ಗೂಡೆಯೇ. "ಗುಂಡು ಹೊಡೆಯುದು ಆ ಮನೆದೇ ಕೋವಿಲಿ, ಮನೆ ಬಾಗಿಲಲ್ಲಿ ನಿಂತು. ಅವಳ ಮನೆಲಿ ಕೋವಿ ಇಲ್ಲೆ. ನನ್ನ ಬಾಗಿಲಲ್ಲಿ ನಿಂತು ಜೋಡಿ ಹೊಡೆದ್ರೆ ಅದು ನನ್ನ ಮನೆ ಸಾವು ಅಂತ ಲೆಕ್ಕ. ಸಾವಿಲ್ಲದ ಮನೆಲಿ ಜೋಡಿ ಹೊಡೆದ್ರೆ ಸಾವನ್ನ ಕರೆದ ಹಾಗೆ. ಎಂತ ಮಾಡುದು ಹೇಳು?"

ಕೋಪ ಬಂದರೂ ಅವರ ಮಾತು ಸುಳ್ಳೆನ್ನಲು ಆಗಲಿಲ್ಲ. ಅವರು ಕೆಟ್ಟವರಲ್ಲ. ಹೆದರಿದ್ದರು. ನಾನು ಪಾಟಿಗೆ ಹೋಗಿ ಹೇಳಲಿಲ್ಲ. ಅವಳೂ ಕೇಳಲಿಲ್ಲ. ನನ್ನ ಮುಖ ನೋಡಿಯೇ ತಿಳಿದುಕೊಂಡಳು, ಟೀ ಮಾತ್ರ ಎಂದಿನಂತೆ ಕೊಟ್ಟಳು. ಆ ಟೀ ಕುಡಿಯುವಾಗ ನನಗೆ ನಾಚಿಕೆಯಾಯಿತು.

ಆಮೇಲೆ ಆನೆಯ ಕಥೆ ನಡೆಯಿತು. ಇಂಥ ಎಡವಟ್ಟು ನಮ್ಮ ಊರಿನಲ್ಲಿ ಮಾತ್ರ ಆಗಲು ಸಾಧ್ಯ.

ಭತ್ತ ಬಲಿತು ಬಾಗಿತ್ತು. ಒಂದು ಒಂಟಿ ಆನೆ ಹಳ್ಳ ದಾಟಿ ಗದ್ದೆಗೆ ಇಳಿಯುವ ಅಭ್ಯಾಸ ಮಾಡಿಕೊಂಡಿತ್ತು. ಮಾವನವರು ಜ್ವರ ಬಂದು, ಕಫ ಕಟ್ಟಿ, ವಾರವಿಡೀ ಹಾಸಿಗೆಯಲ್ಲೇ ಇದ್ದರು. ಡಾಕ್ಟರು ವಯಸ್ಸಾಯಿತಲ್ಲ ಅಂದಿದ್ದರು. ಡಾಕ್ಟರು ಹಾಗಂದರೆ ಊರು ಅದನ್ನು ಹೇಗೆ ಕೇಳಿಸಿಕೊಳ್ಳುತ್ತದೆ ನಿಮಗೆ ಗೊತ್ತು. ಬಂದವರೆಲ್ಲ ನನ್ನ ಕೈ ಹಿಡಿದು ನಿಟ್ಟುಸಿರು ಬಿಟ್ಟು ಹೋಗುತ್ತಿದ್ದರು.

ಗದ್ದೆ ಕಾಯುವುದು ನನ್ನ ಯಜಮಾನರ ಪಾಲಿಗೆ ಬಂತು. ಮನೆಯ ಕೋವಿ ಜೋಡು ನಳಿಗೆಯದು. ಆನೆಯನ್ನು ಹೆದರಿಸಲು ಹೊಡೆಯುವುದಾದರೆ ಒಂದೇ ಗುಂಡು. ಅದು ಕದಲದಿದ್ದರೆ ಕೂಗು, ತಗಡು ಬಡಿ, ಮರ ಹತ್ತು, ಏನು ಬೇಕಾದರೂ ಮಾಡು. ಮೊದಲನೆಯದರ ಬೆನ್ನಿಗೇ ಎರಡನೆಯದು ಮಾತ್ರ ಕೂಡದು. ಇಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು ಇದು.

ಬೆಳಕು ಹರಿಯುವಾಗ ನಾನು ಅಂಗಳ ಗುಡಿಸುತ್ತಿದ್ದೆ. ಗದ್ದೆಯಿಂದ ಢಂ ಅಂತು. ಉಸಿರು ಎಳೆದುಕೊಳ್ಳುವಷ್ಟರಲ್ಲಿ ಇನ್ನೊಂದು ಢಂ. ಪೊರಕೆ ನನ್ನ ಕೈಯಿಂದ ಬಿತ್ತು. ಒಳಗಿನಿಂದ ಮಾವನವರ ಬಡಕಲು ದನಿ ಕೇಳಿತು.

"ಯಾರು ಹೋದ್ದು?"

"ಯಾರೂ ಇಲ್ಲ ಮಾವ. ನಮ್ಮ ಗದ್ದೇಲೇ. ಆನೆಗೆ ಹೊಡೆದಿದ್ದು."

"ಎರಡು ಹೊಡೆದನಾ? ಅಯ್ಯೋ ಮಂಗ!" ದಡಕ್ಕನೆ ಎದ್ದು ಕೂತರು. ವಾರದಿಂದ ಮಗ್ಗುಲು ಬದಲಿಸಲೂ ಆಗದಿದ್ದವರು! "ಈಗ ಊರೇ ಬರ್ತದೆ ನೋಡು, ನನ್ನ ಹೆಣ ನೋಡಿಕೆ. ಕಾಫಿಗೆ ನೀರಿಡು. ನನ್ನನ್ನ ಜಗಲಿಗೆ ಕರಕೊಂಡು ಹೋಗು, ಇಲ್ಲದಿದ್ರೆ ಅಳಿಕೆ ಶುರು ಮಾಡ್ತವೆ."

ಕಂಬಳಿ ಹೊದಿಸಿ ಜಗಲಿಯಲ್ಲಿ ಕೂರಿಸಿ ಕೈಗೆ ಗಂಜಿ ಬಟ್ಟಲು ಕೊಟ್ಟೆ. ಅಷ್ಟರಲ್ಲಿ ಯಜಮಾನರು ಬೆವರು ಒರೆಸಿಕೊಳ್ಳುತ್ತಾ ಬಂದರು. ಮೊದಲ ಗುಂಡಿಗೆ ಆನೆ ಹೆದರುವ ಬದಲು ಇವರ ಕಡೆಗೇ ತಿರುಗಿತಂತೆ, ಬೆರಳು ತಾನಾಗಿ ಕೋವಿಯ ಎರಡನೆಯ ಕುದುರೆಯನ್ನೂ ಎಳೆಯಿತಂತೆ. "ಅದು ಓಡಿತಾ?" ಎಂದೆ. "ನಾನು ಓಡಿದೆ, ಅದು ನೋಡ್ಲಿಲ್ಲ," ಅಂದರು.

ಮೊದಲು ಕಂಡದ್ದು ಗದ್ದೆಯಾಚೆಯ ಹೆಂಗಸರು, ಬಿಳಿ ಸೀರೆಯಲ್ಲಿ, ತಿರುವಿನಿಂದಲೇ ಅಳುತ್ತಾ. ಗೇಟಿನ ಹತ್ತಿರ ಬಂದು ಜಗಲಿಯ ಮೇಲೆ ಗಂಜಿ ಸುರಿಯುತ್ತಿದ್ದ ಮಾವನವರನ್ನು ನೋಡಿದ್ದೇ ಅಳು ಅರ್ಧಕ್ಕೆ ನಿಂತಿತು. ಅವರ ಹಿಂದೆ ಕೊಡಲಿ ಹೊತ್ತವರು. ಅವರ ಹಿಂದೆ ಬಾಡಿಗೆ ಜೀಪು ಓಡಿಸುವ ಮಲಯಾಳಿ ಮಾಪಿಳ್ಳೆ. ನೆಂಟರಿಗೆ ಸುದ್ದಿ ಮುಟ್ಟಿಸಲು ಹುದಿಕೇರಿವರೆಗೆ ಹೋಗಬೇಕಾದೀತೆಂದು ಡೀಸೆಲ್ ತುಂಬಿಸಿಕೊಂಡೇ ಬಂದಿದ್ದ. "ಪಡಚೋನೇ!" ಎಂದು ದೇವರನ್ನು ಕರೆದು ಎದೆ ಹಿಡಿದುಕೊಂಡ. ಮಾವನವರಿಗೋ ತಮ್ಮ ಸಾವಿಗೆ ಯಾರು ಯಾರು ಬಂದರೆಂದು ನೋಡುವ ಖುಷಿ. ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದು, "ನೀ ತಡ ಮಾಡ್ದೆ," "ನೀ ಬರುದಿಲ್ಲೆ ಅಂದ್ಕೊಂಡಿದ್ದೆ," ಎಂದು ಕೆಣಕುತ್ತಿದ್ದರು. ಅಂಗಳದ ತುಂಬ ನಗು.

ಆಗ ಪಾಟಿ ಬಂದಳು. ದೊಡ್ಡ ಪಾತ್ರೆ ತಲೆಯ ಮೇಲೆ. ಯಾವಾಗಲೂ ಮೊದಲು ಬರುವವಳಿಗೆ ಅವತ್ತು ಕಾಫಿಗಿಡಗಳ ನಡುವಿನ ಅಡ್ಡದಾರಿಯಲ್ಲಿ ಬಿದ್ದು ತಡವಾಗಿತ್ತು ಎಂದು ಕಾಣುತ್ತದೆ, ಮೊಣಕಾಲಿನ ಹತ್ತಿರ ಸೀರೆ ಹರಿದಿತ್ತು. ಕಣ್ಣು ಕೆಂಪಾಗಿತ್ತು. ಮಾವನವರನ್ನು ನೋಡಿದಳು. ಪಾತ್ರೆ ಇಳಿಸಿದಳು. ಮೆಟ್ಟಿಲ ಮೇಲೆ ಕುಸಿದು ಕೂತಳು.

"ಸಾಯದೇನೆ ಯಾಕೆ ಗುಂಡು ಹೊಡೆಸಿದ್ರಿ ಗೌಡ್ರೇ?" ಅಂದಳು. "ಹಾಲು ಒಲೆ ಮೇಲೆ ಬಿಟ್ಟು ಬಂದೆ."

ಎಲ್ಲರೂ ಮತ್ತೆ ನಕ್ಕರು. ಮಾವನವರು ಜೋರಾಗಿ ನಕ್ಕು, "ನಾನಲ್ಲ ಮಾರಾಯ್ತಿ, ಆನೆಗೆ ಹೊಡೆದದ್ದು," ಅಂದರು.

ಪಾಟಿ ನಗಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡಳು.

"ಆನೆಗೂ ಸಿಕ್ತು ಎರಡು ಗುಂಡು," ಅಂದಳು. "ನನ್ನ ಯಜಮಾನನಿಗೆ ಒಂದೂ ಸಿಗ್ಲಿಲ್ಲ."

ಅವಳು ಜಗಳಕ್ಕೆ ಹೇಳಿರಲಿಲ್ಲ, ಮನಸ್ಸಿನಲ್ಲಿದ್ದದ್ದು ಬಾಯಿಗೆ ಬಂದಿತ್ತು, ಅಷ್ಟೇ. ಬಂದದ್ದು ದಂಡವಾಗಬಾರದೆಂದು ನಮ್ಮ ಹಿತ್ತಿಲಿಗೆ ಹೋಗಿ ಕಲ್ಲಿಟ್ಟು ಅಷ್ಟೂ ಜನಕ್ಕೆ ಟೀ ಕಾಯಿಸಿ ಕೊಟ್ಟು ಹೋದಳು. ಮಾವನವರು ಲೋಟ ಹಿಡಿದೇ ಕೂತಿದ್ದರು. ಟೀ ಆರಿ ಹೋಯಿತು.

ಸುಳ್ಳು ಸಾವು ಆಯುಸ್ಸು ಹೆಚ್ಚಿಸುತ್ತದೆ ಅನ್ನುತ್ತಾರೆ. ಮಾವನವರ ಜ್ವರ ಆ ವಾರವೇ ಬಿಟ್ಟಿತು. ಮತ್ತೆ ಕೋಲೂರಿ ಅಂಗಡಿಗೆ ಹೋಗತೊಡಗಿದರು. ಆದರೆ ಸಕ್ಕರೆಯ ಜಗಳ ಮೊದಲಿನಂತಿರಲಿಲ್ಲ. ಒಮ್ಮೊಮ್ಮೆ ಇಬ್ಬರೂ ಸುಮ್ಮನೆ ರಸ್ತೆ ನೋಡುತ್ತಾ ಕೂತಿರುತ್ತಿದ್ದರು. ಗುಂಡಿನ ಮಾತನ್ನು ಇವರೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ನಾನು ಎತ್ತಲು ಹೋದರೆ ಮಾವನವರು ಎದ್ದು ಒಳಗೆ ಹೋಗಿಬಿಡುತ್ತಿದ್ದರು. ಹಟಮಾರಿ ಮುದುಕ ಎಂದು ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದೆ.

ಈ ವರ್ಷ ರೊಬಸ್ಟಾ ಪಿಕಿಂಗ್ ಜೋರಾಗಿ ನಡೆದಿದ್ದಾಗ ಪಾಟಿ ಹೋದಳು. ಬೆಳಿಗ್ಗೆ ಮೊದಲ ಬಸ್ಸಿನ ಡ್ರೈವರ್ ಟೀಗೆಂದು ನಿಲ್ಲಿಸಿ ಹಾರ್ನ್ ಹೊಡೆದನಂತೆ. ಅಂಗಡಿಯ ಹಲಗೆ ತೆಗೆದಿರಲಿಲ್ಲ. ಇಳಿದು ಹೋಗಿ ನೋಡಿದರೆ ಒಲೆಯ ಪಕ್ಕ ಚಾಪೆಯ ಮೇಲೆ, ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಏಳಲಿಲ್ಲ. ಅವನೇ ನಮ್ಮ ಮನೆಯ ಗೇಟಿನವರೆಗೆ ಓಡಿ ಬಂದು ಹೇಳಿದ.

ನಾನು ಹೋಗಿ ಅವಳ ಕೈಕಾಲು ನೇರ ಮಾಡಿ, ತಲೆಯ ಹತ್ತಿರ ದೀಪ ಹಚ್ಚಿಟ್ಟು ಬಂದೆ. ಯಜಮಾನರು ಮಗನ ಜೊತೆ ನೆಂಟರ ಮದುವೆಗೆಂದು ಹುದಿಕೇರಿಗೆ ಹೋಗಿದ್ದರು. ಫೋನಿನಲ್ಲಿ ಊರಿನವರ ಗ್ರೂಪಿಗೆ ಸುದ್ದಿ ಹಾಕಿದೆ. ಕ್ಷಣದಲ್ಲಿ ಉತ್ತರ ಬರತೊಡಗಿತು. ಕೈಮುಗಿದ ಚಿತ್ರ, ಅದರ ಕೆಳಗೆ ಕೈಮುಗಿದ ಚಿತ್ರ, ಅದರ ಕೆಳಗೆ ಇನ್ನೊಂದು. ಬಾಗಿಲಿಗೆ ಬಂದು ನೋಡಿದೆ. ಗದ್ದೆ ಬದುವಿನ ಮೇಲೆ ಒಂದು ನರಪಿಳ್ಳೆ ಇಲ್ಲ. ತೋಟಗಳಲ್ಲಿ ಕೊಯ್ಲಿನ ಮಾತು, ನಗು ಎಂದಿನಂತೆ ಕೇಳುತ್ತಿತ್ತು. ಅವರದೂ ತಪ್ಪಲ್ಲ, ಹಣ್ಣು ಉದುರುವ ಕಾಲ. ನಾಲ್ಕನೇ ಹೆಗಲಿಗೆ ನಾನೇ ಹೋಗಬೇಕೇನೋ ಎಂದುಕೊಂಡೆ.

ಇವತ್ತು ಬಿಡುವುದಿಲ್ಲ, ಏನಾದರಾಗಲಿ ಎಂದು ಜಗಲಿಗೆ ಬಂದೆ. ಮಾವನವರು ಅಷ್ಟರಲ್ಲಿ ಬಿಳಿ ಪಂಚೆ, ಬಿಳಿ ಅಂಗಿ ಹಾಕಿ ಕೂತಿದ್ದರು. ತೊಡೆಯ ಮೇಲೆ ಕೋವಿ. ಒಳಗಿನ ಕೋಣೆಯಿಂದ ಒಬ್ಬರೇ ಹೇಗೆ ಹೊತ್ತು ತಂದರೋ. ನಳಿಗೆಗೆ ತೋಟೆ ತುಂಬಲು ನೋಡುತ್ತಿದ್ದರು. ತೋಟೆ ಬೆರಳಿಂದ ಜಾರಿ ನೆಲಕ್ಕೆ ಬಿದ್ದು ಉರುಳುತ್ತಿತ್ತು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳುತ್ತಿರಲಿಲ್ಲ.

"ಗೂಡೇ, ನನ್ನ ಕೈ ನಿಲ್ಲುದಿಲ್ಲೆ," ಅಂದರು. "ನೀ ಹೊಡಿ."

ಕೋವಿ ನನಗೆ ಹೊಸದಲ್ಲ. ಪ್ರತಿವರ್ಷ ಕೋವಿಗೆ ಪೂಜೆ ಮಾಡುವ ಕೈಲ್‌ಮುಹೂರ್ತದ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆಯುತ್ತೇವೆ, ಹೆಂಗಸರೂ. ಕಾಯಿಗೆ ನನ್ನ ಗುಂಡು ತಾಗಿದ್ದು ಕಡಿಮೆ, ಹೆಗಲು ಊದಿದ್ದೇ ಹೆಚ್ಚು. ಆದರೂ ಕೈಗೆ ತೆಗೆದುಕೊಂಡಾಗ ನನಗೇ ಹೆದರಿಕೆಯಾಯಿತು.

"ಎಲ್ಲಿ ನಿಂತುಕೊಳ್ಳಲಿ ಮಾವ? ಅಂಗಡಿ ಹತ್ರ ಹೋಗ್ಲಾ?"

"ಎಂತಕ್ಕೆ ಅಲ್ಲಿ? ಬಾಗಿಲಲ್ಲೇ ನಿಲ್ಲು. ನಮ್ಮ ಬಾಗಿಲಲ್ಲಿ."

"ಸಾವನ್ನ ಕರೆದ ಹಾಗೆ ಅಂದಿದ್ರಿ."

"ಬಂದಾಯ್ತಲ್ಲ ಗೂಡೇ. ಇನ್ನೆಂತ ಕರೆಯುದು?"

ಹೊಸ್ತಿಲಿಗೆ ಬೆನ್ನು ಮಾಡಿ ನಿಂತು, ನಳಿಗೆ ಎತ್ತಿ, ಹೊಡೆದೆ. ಅದರ ಬೆನ್ನಿಗೇ ಇನ್ನೊಂದು. ಶಬ್ದ ಎದುರಿನ ಗುಡ್ಡಕ್ಕೆ ಹೋಗಿ ಹೊಡೆದು ವಾಪಸು ಬಂತು. ತೋಟದ ಮಾತು ನಿಂತಿತು. ನಗು ನಿಂತಿತು.

ಮೊದಲು ಬಂದವರು ಗದ್ದೆಯಾಚೆಯವರು, ಓಡಿಕೊಂಡು. ಸೀದಾ ನಮ್ಮ ಅಂಗಳಕ್ಕೆ. ಪಾಟಿ ಹೋದದ್ದು ಅವರಿಗೆ ಗೊತ್ತಿತ್ತು. ಆದರೆ ಗುಂಡು ಕೇಳಿ, ಅದೇ ದಿನ ಮಾವನವರೂ ಹೋದರೆಂದುಕೊಂಡಿದ್ದರು. ಗುಂಡು ಪಾಟಿಗೆ ಎಂದು ಒಬ್ಬರ ತಲೆಗೂ ಹೊಳೆದಿರಲಿಲ್ಲ. ಜಗಲಿಯಲ್ಲಿ ಕೂತ ಮಾವನವರನ್ನು ನೋಡಿ ಬೆಪ್ಪಾಗಿ ನಿಂತರು.

ಜೀಪಿನವನು ಏದುಸಿರು ಬಿಡುತ್ತಾ ಕೇಳಿದ: "ಗೌಡ್ರೇ, ಮತ್ತೆ ಆನೆಯಾ?"

"ಆನೆ ಅಲ್ಲ. ಸಾವು."

"ಯಾರ್ದು?"

"ನಮ್ಮ ಮನೆದು," ಅಂದರು ಮಾವನವರು. ಕೋಲು ಎತ್ತಿ ಮೋರಿಯ ಪಕ್ಕದ ಅಂಗಡಿ ತೋರಿಸಿದರು. "ಅಲ್ಲಿ ಮಲಗಿದ್ದಾಳೆ. ನಡೀರಿ."

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊಡಲಿಯವನು ತಲೆಯ ಟೊಪ್ಪಿ ತೆಗೆದ. ಒಬ್ಬೊಬ್ಬರಾಗಿ ಅಂಗಡಿಯ ಕಡೆಗೆ ನಡೆದರು. ಬಂದ ಪ್ರತಿಯೊಬ್ಬರಿಗೂ ಮಾವನವರು ಅದೇ ಹೇಳಿದರು. ನಮ್ಮ ಮನೆದು. ನಡೀರಿ. ಯಾರೋ ನಮ್ಮ ಹಿತ್ತಿಲಿಗೆ ಹೋಗಿ ಟೀಗೆ ಕಲ್ಲು ಜೋಡಿಸಲು ಶುರು ಮಾಡಿದ್ದರು.

ಆಗ ಎದುರಿನ ಗುಡ್ಡದ ಕಾಲುದಾರಿಯಲ್ಲಿ ಜನ ಇಳಿಯುವುದು ಕಂಡಿತು. ಮೇಲಿನ ಲೈನಿನವರು. ಪಾಟಿ ಹೋದ ಸುದ್ದಿ ಬಸ್ಸಿನವನಿಂದ ಅಲ್ಲಿಗೂ ಮುಟ್ಟಿತ್ತು. ಸೊಂಟಕ್ಕೆ ಪಿಕಿಂಗ್ ಚೀಲ ಕಟ್ಟಿದ್ದವರು ಕಟ್ಟಿಕೊಂಡೇ, ಮಕ್ಕಳನ್ನು ಎತ್ತಿಕೊಂಡು, ಸಾಲು ಮುಗಿಯುವುದೇ ಇಲ್ಲ. ಯಾವ ಸಾವಿಗೂ ಅವರು ಹೀಗೆ ಬಂದದ್ದನ್ನು ನಾನು ನೋಡಿಲ್ಲ. ಅರ್ಧ ಜನರ ಮುಖವೇ ನನಗೆ ಪರಿಚಯವಿರಲಿಲ್ಲ. ಮಾವನವರು ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು ನೋಡುತ್ತಲೇ ಇದ್ದರು.

ಮುಂದೆ ಬಂದ ಹೆಂಗಸು ಗೇಟಿನ ಹೊರಗೇ ನಿಂತಳು. ಮಾವನವರು ಅವಳನ್ನು ಕೇಳಿದರು: "ಅಷ್ಟು ಮೇಲಕ್ಕೂ ಕೇಳ್ತದಾ ನಮ್ಮ ಕೋವಿ?"

"ಯಾವಾಗ್ಲೂ ಕೇಳ್ತಿತ್ತು ಗೌಡ್ರೇ," ಅಂದಳು ಅವಳು. "ನಮ್ಮನ್ನ ಕರೆದದ್ದು ಇವತ್ತು."

ಮಾವನವರು ಕೋಲೂರಿ ಎದ್ದರು. ಮೆಟ್ಟಿಲು ಇಳಿಯಲು ನನ್ನ ಹೆಗಲು ಹಿಡಿದರು. ಕೋವಿ ಒದ್ದು ನೋಯುತ್ತಿದ್ದ ಹೆಗಲು ಅದು. ಗೇಟು ತೆಗೆದು, ಆ ಸಾಲಿನ ಜೊತೆ ಸೇರಿ ಅಂಗಡಿಯ ಕಡೆಗೆ ನಡೆದೆವು.